ದೊಡ್ಡ ಮೊತ್ತ ಅಲ್ಲಿ, ಸಹಿ ಇಲ್ಲಿ: ಪಿಚರ್ ತಂಡ ಆರಿಸುವ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಐಪಿಎಲ್ ಹರಾಜಿನಲ್ಲಿ ಹೆಚ್ಚು ಕೂಗಿದವರಿಗೇ ಆಟಗಾರ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಾತ್ರ ಪಿಚರ್ (ಚೆಂಡೆಸೆಯುವವನು) ಹೆಚ್ಚಿನ ಹಣ ಬಿಟ್ಟು ಬೇರೆ ತಂಡ ಸೇರಿದ ಎಂದು ಓದುತ್ತೇವೆ. ಇದು ನಿಜವೇ?
– ಡೊಂಬಿವಲಿ ಪೂರ್ವದ ಓದುಗರು

ಉತ್ತರ: ನಿಜವೇ, ಆದರೆ ಪತ್ರಿಕೆಗಳು ಬರೆಯುವಷ್ಟು ತ್ಯಾಗವೇನಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ 24.75 ಕೋಟಿ ರೂಪಾಯಿಗೆ ಮಿಚೆಲ್ ಸ್ಟಾರ್ಕ್‌ರನ್ನು ಕೊಂಡಾಗ 'ನಿಮಗೆ ಯಾವ ತಂಡ ಬೇಕು' ಎಂದು ಯಾರೂ ಅವರನ್ನು ಕೇಳಲಿಲ್ಲ. ಅಮೆರಿಕದ ಬೇಸ್‌ಬಾಲ್ ನಡೆಯುವ ಮೇಜರ್ ಲೀಗ್‌ನಲ್ಲಿ ಹರಾಜೇ ಇಲ್ಲ. ಆರು ವರ್ಷದ ಸೇವೆ ಮುಗಿಸಿ, ಕೈಯಲ್ಲಿ ಒಪ್ಪಂದ ಉಳಿಯದವನು ಫ್ರೀ ಏಜೆಂಟ್. ಅಲ್ಲಿ 172 ದಿನಗಳನ್ನು ಒಂದು ವರ್ಷದ ಸೇವೆ ಎಂದು ಎಣಿಸುತ್ತಾರೆ. ಆಮೇಲೆ 30 ತಂಡಗಳಲ್ಲಿ ಯಾವುದರ ಜೊತೆಗಾದರೂ ಅವನ ಏಜೆಂಟ್ ಮಾತಾಡಬಹುದು. ಕೊನೆಯ ಮಾತು ಆಟಗಾರನದು.

ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ ಪಿಚರ್ ಕ್ಲಿಫ್ ಲೀ. 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವರ ಮುಂದಿಟ್ಟದ್ದು ಆರು ವರ್ಷಕ್ಕೆ 13.2 ಕೋಟಿ ಡಾಲರ್. ಬೇಕೆನಿಸಿದರೆ ಏಳನೆಯ ವರ್ಷವನ್ನೂ ಸೇರಿಸಿ ಒಟ್ಟು 14.8 ಕೋಟಿ. ಅವರು ಆರಿಸಿದ್ದು ಫಿಲಡೆಲ್ಫಿಯಾದ ಐದು ವರ್ಷ, 12 ಕೋಟಿ. ಒಟ್ಟು ಮೊತ್ತವನ್ನಷ್ಟೇ ನೋಡಿದರೆ 2.8 ಕೋಟಿ ಕಳೆದುಕೊಂಡರು ಅನ್ನಿಸುತ್ತದೆ. ವರ್ಷಕ್ಕೆ ಭಾಗಿಸಿ ನೋಡಿ: ಫಿಲಡೆಲ್ಫಿಯಾದಲ್ಲಿ 2.4 ಕೋಟಿ, ಯಾಂಕೀಸ್‌ನಲ್ಲಿ ಸುಮಾರು 2.1 ಕೋಟಿ. ಜೊತೆಗೆ 2009ರಲ್ಲಿ ಆಡಿ ಗೊತ್ತಿದ್ದ ತಂಡ. ಹಾಗೆಂದು ಅವರ ಲೆಕ್ಕವೇ ಸರಿ ಎಂದೂ ಹೇಳಲಾಗದು. ಮೊಣಕೈ ಕೆಟ್ಟು 2014ರ ಜುಲೈ ನಂತರ ಅವರು ಆಡಲೇ ಇಲ್ಲ. ಮೇಜರ್ ಲೀಗ್‌ನಲ್ಲಿ ಗಾಯಾಳುವಿಗೂ ಒಪ್ಪಂದದ ಸಂಬಳ ಪೂರ್ತಿ ಸಿಗುತ್ತದೆ. ಏಳು ವರ್ಷದ ಕಾಗದಕ್ಕೆ ಸಹಿ ಹಾಕಿದ್ದರೆ ಮನೆಯಲ್ಲೇ ಕುಳಿತು ಇನ್ನಷ್ಟು ಎಣಿಸಬಹುದಿತ್ತು.

ಪಿಚರ್‌ನ ವಿಷಯದಲ್ಲಿ ಇದೇ ಮುಖ್ಯ. ಬ್ಯಾಟರ್‌ನ ಮಂಡಿ ನೋವಾದರೆ ಬೇರೆ ಜಾಗದಲ್ಲಿ ನಿಲ್ಲಿಸಿ ಆಡಿಸಬಹುದು. ಪಿಚರ್‌ನ ಮೊಣಕೈ ಲಿಗಮೆಂಟ್ ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಚೆಂಡು ಹಿಡಿದು ಪಂದ್ಯಕ್ಕೆ ಮರಳಲು 12ರಿಂದ 18 ತಿಂಗಳು. ಆದ್ದರಿಂದ ಆಟಗಾರ ಖಾತ್ರಿಯ ವರ್ಷಗಳನ್ನು ಎಳೆಯುತ್ತಾನೆ, ತಂಡ ವರ್ಷ ಕತ್ತರಿಸಿ ವಾರ್ಷಿಕ ಮೊತ್ತ ಏರಿಸುತ್ತದೆ. ಮಾತುಕತೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಮಾತು ಮುಗಿದ ಮೇಲೂ ವೈದ್ಯಕೀಯ ಪರೀಕ್ಷೆ ಇದೆ. ಎಂಆರ್‌ಐ ಚಿತ್ರದಲ್ಲಿ ಸಂಶಯ ಬಂದರೆ ಒಪ್ಪಂದವೇ ಬಿದ್ದುಹೋಗಬಹುದು.

ಪ್ರಶ್ನೆ: ನಾನು ಸಿಎ. ರಾಜ್ಯದ ಆದಾಯ ತೆರಿಗೆಯೂ ತಂಡದ ಆಯ್ಕೆಗೆ ಕಾರಣವೇ?
– ಕೋಥ್ರೂಡ್, ಪುಣೆ

ಉತ್ತರ: ಹೌದು, ಆದರೆ ನೀವು ಊಹಿಸುವುದಕ್ಕಿಂತ ಕಡಿಮೆ. ಟೆಕ್ಸಸ್, ಫ್ಲಾರಿಡಾ ರಾಜ್ಯಗಳಲ್ಲಿ ಸಂಬಳಕ್ಕೆ ರಾಜ್ಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದ ಅತಿ ಮೇಲಿನ ದರ 13.3%. ಆದರೆ ತೆರಿಗೆ ಬೀಳುವುದು ತಂಡದ ವಿಳಾಸದ ಮೇಲಲ್ಲ, ಕೆಲಸದ ದಿನಗಳ ಮೇಲೆ. 162 ಪಂದ್ಯಗಳಲ್ಲಿ 81 ಮಾತ್ರ ತವರಿನಲ್ಲಿ. ಸ್ಟಾರ್ಟರ್, ಅಂದರೆ ಪಂದ್ಯ ಆರಂಭಿಸುವ ಪಿಚರ್ ಐದು ದಿನಕ್ಕೊಮ್ಮೆ ಎಸೆದರೂ ತಂಡದ ಜೊತೆಗಿದ್ದ ಅಷ್ಟೂ ದಿನಗಳು ಎಣಿಕೆಗೆ ಬರುತ್ತವೆ. 2 ಕೋಟಿ ಡಾಲರ್ ಸಂಬಳದವನ ಅರ್ಧ ದಿನಗಳು ಕ್ಯಾಲಿಫೋರ್ನಿಯಾದಲ್ಲಿ ಕಳೆದವು ಎನ್ನಿ: 1 ಕೋಟಿಯ ಮೇಲೆ ಸುಮಾರು 13 ಲಕ್ಷ ಡಾಲರ್. ಟೆಕ್ಸಸ್ ತಂಡದವನಿಗೆ ಇದು ಉಳಿಯುತ್ತದೆ, ಆದರೆ ಅವನು ಲಾಸ್ ಏಂಜಲಿಸ್‌ಗೆ ಹೋಗಿ ಆಡಿದ ದಿನಗಳಿಗೆ ಅಲ್ಲಿ ಕಟ್ಟಲೇಬೇಕು.

ಏಜೆಂಟರು ಜಾಣತನ ತೋರಿಸುವುದು ಬೇರೆ ಕಡೆ. ಸಹಿ ಹಾಕಿದ್ದಕ್ಕೆ ಸಿಗುವ ಷರತ್ತಿಲ್ಲದ ಸೈನಿಂಗ್ ಬೋನಸ್ಸಿಗೆ ಸಾಮಾನ್ಯವಾಗಿ ಆಟಗಾರ ವಾಸಿಸುವ ರಾಜ್ಯದ ತೆರಿಗೆ. ಮನೆ ಫ್ಲಾರಿಡಾದಲ್ಲಿದ್ದರೆ ಆ ಭಾಗಕ್ಕೆ ರಾಜ್ಯದ ಪಾಲು ಸೊನ್ನೆ. ಇನ್ನೊಂದು ದಾರಿ, ಹಣವನ್ನು ಮುಂದೂಡುವುದು. 2023ರಲ್ಲಿ ಜಪಾನಿನ ಶೋಹೇ ಒಟಾನಿ ಲಾಸ್ ಏಂಜಲಿಸ್‌ನ ಡಾಜರ್ಸ್ ಜೊತೆ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಮಾಡಿದರು. ಅದರಲ್ಲಿ 68 ಕೋಟಿ ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಸಿಗುತ್ತದೆ. ಆಡುವಾಗ ವರ್ಷಕ್ಕೆ 20 ಲಕ್ಷ ಅಷ್ಟೆ. ಹೀಗಾಗಿ ಆಟಗಾರರ ಒಟ್ಟು ಸಂಬಳ ಮಿತಿ ಮೀರಿದಾಗ ತಂಡ ಲೀಗ್‌ಗೆ ಕಟ್ಟುವ ಐಷಾರಾಮಿ ತೆರಿಗೆಯ ಲೆಕ್ಕದಲ್ಲಿ ಅವರ ಬೆಲೆ ವರ್ಷಕ್ಕೆ 7 ಕೋಟಿ ಆಗದೆ ಸುಮಾರು 4.6 ಕೋಟಿಗೆ ಇಳಿಯಿತು. ಉಳಿದ ಜಾಗದಲ್ಲಿ ಬೇರೆ ಆಟಗಾರರನ್ನು ತರಬಹುದು. ಇಂದಿನ ಮೌಲ್ಯಕ್ಕೆ ಇಳಿಸದೆ ಎರಡು ಒಪ್ಪಂದಗಳನ್ನು ಹೋಲಿಸಬಾರದು ಎಂದು ಸಿಎಗೆ ಹೇಳಬೇಕಿಲ್ಲ. ಕ್ರೀಡಾ ವರದಿಗಾರರಿಗೆ ಹೇಳಬೇಕಿದೆ.

ಪ್ರಶ್ನೆ: ಮೈದಾನ ನೋಡಿ ತಂಡ ಆರಿಸುತ್ತಾರೆಯೇ?
– ಗೋರೆಗಾಂವ್‌ನ ಕಾಲೇಜು ವಿದ್ಯಾರ್ಥಿ

ಉತ್ತರ: ನೋಡದವರು ಪಶ್ಚಾತ್ತಾಪ ಪಟ್ಟಿದ್ದಾರೆ. ಪಿಚರ್ ಮೈಕ್ ಹ್ಯಾಂಪ್ಟನ್ 2000ದ ಡಿಸೆಂಬರ್‌ನಲ್ಲಿ ಡೆನ್ವರ್‌ನ ಕೊಲರಾಡೊ ರಾಕೀಸ್ ಜೊತೆ 8 ವರ್ಷಕ್ಕೆ 12.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅಲ್ಲಿನ ಶಾಲೆಗಳು ಚೆನ್ನಾಗಿವೆ ಎಂಬುದು ಅವರು ಕೊಟ್ಟ ಒಂದು ಕಾರಣ. ಜನ ಇಂದಿಗೂ ಅದನ್ನು ಹೇಳಿ ನಗುತ್ತಾರೆ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ, ನಮ್ಮ ಮಹಾಬಳೇಶ್ವರಕ್ಕಿಂತ ಎತ್ತರ. ಗಾಳಿ ತೆಳು. ತಿರುಗುವ ಚೆಂಡನ್ನು ಬಾಗಿಸುವುದು ಗಾಳಿಯೇ ಆದ್ದರಿಂದ ಕರ್ವ್ ಅಷ್ಟಾಗಿ ಬಾಗುವುದಿಲ್ಲ, ಸಿಂಕರ್ ಅಷ್ಟಾಗಿ ಕೆಳಗಿಳಿಯುವುದಿಲ್ಲ; ಹೊಡೆದ ಚೆಂಡು ಮಾತ್ರ ಇನ್ನಷ್ಟು ದೂರ ಹಾರುತ್ತದೆ. ಒಂಬತ್ತು ಇನಿಂಗ್ಸ್‌ಗೆ (ಫೀಲ್ಡಿಂಗ್ ತಪ್ಪಿನ ರನ್ ಬಿಟ್ಟು) ಕೊಡುವ ರನ್‌ಗಳ ಸರಾಸರಿಯಾದ ಹ್ಯಾಂಪ್ಟನ್‌ರ ಇಆರ್‌ಎ ಹಿಂದಿನ ತಂಡ ನ್ಯೂಯಾರ್ಕ್ ಮೆಟ್ಸ್‌ನಲ್ಲಿ 3.14 ಇತ್ತು. ಡೆನ್ವರ್‌ನ ಮೊದಲ ವರ್ಷ 5.41, ಮರುವರ್ಷ 6.15. ಆಮೇಲೆ ಅವರನ್ನು ಬೇರೆ ತಂಡಕ್ಕೆ ಸಾಗಹಾಕಿದರು. ಚೆಂಡುಗಳನ್ನು ತೇವಾಂಶದ ಕೋಣೆಯಲ್ಲಿಡುವ ಪದ್ಧತಿ 2002ರಲ್ಲಿ ಬಂದು ಹೋಮ್‌ರನ್ ಸ್ವಲ್ಪ ತಗ್ಗಿತು, ಗಾಳಿ ದಪ್ಪವಾಗಲಿಲ್ಲ.

ಒಂದೆರಡು ವರ್ಷದ ಒಪ್ಪಂದ ಮಾಡಿಕೊಂಡು ಮತ್ತೆ ಮಾರುಕಟ್ಟೆಗೆ ಬರಬೇಕೆನ್ನುವ ಪಿಚರ್ ಇದನ್ನು ಕಡೆಗಣಿಸುವಂತಿಲ್ಲ. ಅಂಥವನು ಅಗಲವಾದ ಮೈದಾನ, ಚುರುಕಾದ ಇನ್‌ಫೀಲ್ಡ್ (ಹತ್ತಿರದ ಫೀಲ್ಡರ್‌ಗಳು), ಅಂಚಿನ ಚೆಂಡನ್ನು ಸ್ಟ್ರೈಕ್ (ಸರಿಯಾದ ಎಸೆತ) ಆಗಿ ತೋರಿಸಬಲ್ಲ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವನು) ಇರುವಲ್ಲಿಗೆ ಹೋಗುವುದು ಲೇಸು.

ಪ್ರಶ್ನೆ: ಹೆಂಡತಿ ಮಕ್ಕಳ ಅನುಕೂಲ, ಹುಟ್ಟೂರು?
– ಮಡಗಾಂವ್, ಗೋವಾ

ಉತ್ತರ: ಮೊತ್ತ ಹತ್ತಿರ ಹತ್ತಿರ ಇದ್ದಾಗ ಅವೂ ತೂಗುತ್ತವೆ. ಪಿಚರ್ ಗೆರಿಟ್ ಕೋಲ್ ಕ್ಯಾಲಿಫೋರ್ನಿಯಾದವರು. ಆದರೂ 2019ರಲ್ಲಿ ಬಾಲ್ಯದಿಂದ ಅಭಿಮಾನಿಯಾಗಿದ್ದ ಯಾಂಕೀಸ್ ಸೇರಿದರು. ಆ ಅಭಿಮಾನದ ಜೊತೆಗೆ 9 ವರ್ಷ, 32.4 ಕೋಟಿ ಡಾಲರ್ ಇತ್ತು ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಯಮಮೊಟೊಗೆ ಎರಡು ತಂಡಗಳು ಒಂದೇ ಮೊತ್ತ ಕೊಡಲು ಸಿದ್ಧವಿದ್ದವಂತೆ. ಹಾಗಾದರೆ ತೀರ್ಮಾನ ಯಾವುದರ ಮೇಲೆ?
– ವಾಸ್ಕೊ

ಉತ್ತರ: 2023ರ ಡಿಸೆಂಬರ್‌ನಲ್ಲಿ ಜಪಾನಿನ ಪಿಚರ್ ಯೊಶಿನೊಬು ಯಮಮೊಟೊ ಡಾಜರ್ಸ್‌ನ 12 ವರ್ಷ, 32.5 ಕೋಟಿ ಡಾಲರ್ ಒಪ್ಪಿಕೊಂಡರು. ವರದಿಗಳ ಪ್ರಕಾರ ಮೆಟ್ಸ್ ಕೂಡ ಅಷ್ಟೇ ಕೊಡುತ್ತಿತ್ತು. ಯಾಂಕೀಸ್‌ನದು 10 ವರ್ಷಕ್ಕೆ 30 ಕೋಟಿ, ಅಂದರೆ ವರ್ಷದ ಲೆಕ್ಕದಲ್ಲಿ ಅದೇ ಹೆಚ್ಚು. ಅವರಿಗಾಗ 25 ವರ್ಷ. ಡಾಜರ್ಸ್ ಒಪ್ಪಂದದಲ್ಲಿ 5 ಕೋಟಿ ಸೈನಿಂಗ್ ಬೋನಸ್, ನಡುವೆ ಎರಡು ಕಡೆ ಒಪ್ಪಂದ ಬಿಟ್ಟು ಹೊರಬರುವ ಹಕ್ಕು. ಮೊಣಕೈ ಕೆಟ್ಟರೆ ಆ ಗಡುವು ಮುಂದಕ್ಕೆ ಹೋಗುತ್ತದೆ. ಜಪಾನಿನಲ್ಲಿ ಸ್ಟಾರ್ಟರ್ ವಾರಕ್ಕೊಮ್ಮೆ ಎಸೆಯುತ್ತಾನೆ. ಆರು ಜನ ಪಿಚರ್‌ಗಳನ್ನು ಸರದಿಯಲ್ಲಿ ಇಳಿಸಿ ವಿಶ್ರಾಂತಿ ಕೊಡಬಲ್ಲ ತಂಡ ಅಂಥ ಕೈಗೆ ಒಗ್ಗುತ್ತದೆ.

2025ರ ಜನವರಿಯಲ್ಲಿ ಡಾಜರ್ಸ್ ಸೇರಿದ ಜಪಾನಿನ ಪಿಚರ್ ರೋಕಿ ಸಸಾಕಿ ಇನ್ನೂ ಸ್ಪಷ್ಟ ಉದಾಹರಣೆ. 25 ತುಂಬದ ವಿದೇಶಿ ಆಟಗಾರರಿಗೆ ಬೋನಸ್ ಮಿತಿ ಇರುವುದರಿಂದ ಅವರಿಗೆ ಸಿಕ್ಕಿದ್ದು 65 ಲಕ್ಷ ಡಾಲರ್ ಮಾತ್ರ. ಯಾವ ತಂಡವೂ ಹಣ ತೋರಿಸಿ ಗೆಲ್ಲುವಂತಿರಲಿಲ್ಲ. ತಮ್ಮ ಫಾಸ್ಟ್‌ಬಾಲ್‌ನ ವೇಗ ಇಳಿದದ್ದೇಕೆ, ಮತ್ತೆ ಇಳಿಯದಂತೆ ನೀವೇನು ಮಾಡುತ್ತೀರಿ ಎಂದು ಅವರ ಕಡೆಯವರು ತಂಡಗಳಿಗೇ ಹೋಮ್‌ವರ್ಕ್ ಕೊಟ್ಟರು. ಉತ್ತರ ಹೇಳಬೇಕಾದವರು ಮಾಲೀಕರಲ್ಲ, ಪಿಚಿಂಗ್ ಕೋಚ್‌ಗಳು ಮತ್ತು ನಿಧಾನಗತಿಯ ಕ್ಯಾಮರಾದಲ್ಲಿ ಬೆರಳಿನ ಹಿಡಿತ ಅಳೆಯುವ ತಂತ್ರಜ್ಞರು.