ಎಲ್ಲ ಸಾರಗಳೂ ಕಿಣ್ವವನ್ನು ತಡೆಯುತ್ತಿವೆ ಅಂದರೆ ಮೊದಲು ಬ್ಲ್ಯಾಂಕ್ ನೋಡಿ

ನೀವು ಹೇಳಿರುವುದು ಇಷ್ಟು: ಐದು ಗಿಡಗಳ ಎಲೆಯಿಂದ ಮೆಥನಾಲ್ ಸಾರ ತೆಗೆದು, ನೊಣದ ತಲೆಯ ಅಸಿಟೈಲ್‌ಕೋಲಿನೆಸ್ಟರೇಸ್ (ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ) ಮೇಲೆ ಎಲ್ಮನ್ ವಿಧಾನದಲ್ಲಿ ಪರೀಕ್ಷಿಸಿದ್ದೀರಿ. ಹತ್ತು ನಿಮಿಷ ಬಿಟ್ಟು 412 ನ್ಯಾನೋಮೀಟರ್‌ನಲ್ಲಿ ಒಂದೇ ಸಲ ಓದಿದಾಗ ಐದೂ 85ರಿಂದ 95% ತಡೆ ತೋರಿಸಿವೆ. ಇವು ಕೀಟನಾಶಕ ಆಗಬಹುದೇ, ಕಂಟ್ರೋಲ್‌ಗೆ, ಅಂದರೆ ಖಚಿತವಾಗಿ ತಡೆಯುವ ಹೋಲಿಕೆಯ ವಸ್ತುವಾಗಿ, ಕಣ್ಣಿನ ಔಷಧಿಯಾದ ಫೈಸೋಸ್ಟಿಗ್ಮಿನ್ ಏಕೆ ಅನ್ನುವುದು ಪ್ರಶ್ನೆ.

ಒಂದಕ್ಕೊಂದು ಸಂಬಂಧವಿಲ್ಲದ ಐದು ಗಿಡ ಒಂದೇ ಅಂಕಿ ಕೊಟ್ಟರೆ ನನಗೆ ಅನುಮಾನ ಬರುವುದು ಗಿಡಗಳ ಮೇಲಲ್ಲ, ಪ್ಲೇಟಿನ ಮೇಲೆ.

ಎಲ್ಮನ್ 1961ರಲ್ಲಿ ಕೊಟ್ಟ ಈ ವಿಧಾನದಲ್ಲಿ ಕಿಣ್ವ ಅಸಿಟೈಲ್‌ಥಯೋಕೋಲಿನ್ ಅನ್ನು ಒಡೆಯುತ್ತದೆ, ಹೊರಬಂದ ಥಯೋಕೋಲಿನ್ ಡಿಟಿಎನ್‌ಬಿ ಎಂಬ ಬಣ್ಣ ತೋರಿಸುವ ರಾಸಾಯನಿಕದ ಜೊತೆ ಸೇರಿ ಹಳದಿ ಬಣ್ಣ ಕೊಡುತ್ತದೆ. ಅಂದರೆ ನೀವು ಅಳೆಯುತ್ತಿರುವುದು ಕಿಣ್ವವನ್ನಲ್ಲ, ಎರಡನೇ ಹೆಜ್ಜೆಯ ಬಣ್ಣವನ್ನು. ಎಲೆಯ ಸಾರ ಯಾವ ಹೆಜ್ಜೆಯಲ್ಲಿ ಕೈ ಹಾಕಿದರೂ ಕಾಗದದ ಮೇಲೆ ಅದು 'ತಡೆ' ಆಗಿಯೇ ಕಾಣುತ್ತದೆ.

ನಿಮ್ಮ ವಿಷಯದಲ್ಲಿ ಮೊದಲ ಅನುಮಾನ ಹಸಿರು ಬಣ್ಣದ ಮೇಲೆ. ಕ್ಲೋರೋಫಿಲ್, ಕೆರೋಟಿನಾಯ್ಡ್ ಎರಡೂ 412ರ ಸುತ್ತ ಬೆಳಕು ಹೀರುತ್ತವೆ. ಸಾರ ಗಟ್ಟಿಯಾಗಿದ್ದರೆ ವೆಲ್‌ನ (ಪ್ಲೇಟಿನ ಗುಳಿಯ) ಓದು 3 ದಾಟಿ ಯಂತ್ರದ ಮಿತಿ ಮುಟ್ಟುತ್ತದೆ. ಸಾರ ಮಾತ್ರ ಇರುವ ಬ್ಲ್ಯಾಂಕ್ (ಲೆಕ್ಕದಲ್ಲಿ ಕಳೆಯಲು ಇಡುವ ವೆಲ್) ಕೂಡ ಅಲ್ಲೇ ನಿಂತಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಸೊನ್ನೆಯ ಹತ್ತಿರ ಬರುತ್ತದೆ, ಲೆಕ್ಕದ ಹಾಳೆ ಅದನ್ನು 95% ತಡೆ ಅನ್ನುತ್ತದೆ. ಮೂಲ ಓದುಗಳನ್ನು ತೆರೆದು ನೋಡಿ, ಐದು ನಿಮಿಷದ ಕೆಲಸ.

ಇದಕ್ಕೆ ಮದ್ದು ಒಂದೇ ಸಲ ಓದುವುದನ್ನು ಬಿಡುವುದು. 30 ಸೆಕೆಂಡಿಗೊಮ್ಮೆ, 5 ನಿಮಿಷ ಓದಿ, ಏರಿಕೆಯ ವೇಗವನ್ನಷ್ಟೇ ಹೋಲಿಸಿ. ಆರಂಭದ ಓದು 1ರ ಒಳಗಿರುವಷ್ಟು ಸಾರ ತೆಳುವಾಗಿರಲಿ. ಶೇಕಡಾ ತಡೆ ಸಾಕಾದರೆ ಎಕ್ಸ್‌ಟಿಂಕ್ಷನ್ ಗುಣಾಂಕದ (ಓದನ್ನು ಸಾಂದ್ರತೆಗೆ ತಿರುಗಿಸುವ ಅಂಕಿಯ) ಗೋಜೇ ಬೇಡ.

200 ಮೈಕ್ರೋಲೀಟರ್ ವೆಲ್‌ಗೆ ನಾನು ಹೇಳುವ ಅಳತೆ ಹೀಗೆ. 0.1 ಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 8.0, 140 ಮೈಕ್ರೋಲೀಟರ್, ಕಿಣ್ವ 20, ಸಾರ 20, 10 ಮಿಲಿಮೋಲಾರ್ ಡಿಟಿಎನ್‌ಬಿ 10. ಇಷ್ಟನ್ನು 10ರಿಂದ 15 ನಿಮಿಷ ಬಿಟ್ಟು, ಕೊನೆಗೆ 10 ಮಿಲಿಮೋಲಾರ್ ಅಸಿಟೈಲ್‌ಥಯೋಕೋಲಿನ್ ಅಯೋಡೈಡ್ 10 ಮೈಕ್ರೋಲೀಟರ್ ಹಾಕಿ ಓದು ಶುರು ಮಾಡಿ. ಡಿಟಿಎನ್‌ಬಿ ಮೊದಲೇ ಹಾಕುವುದಕ್ಕೆ ಕಾರಣ ಇದೆ: ನೊಣದ ರಸದಲ್ಲಿ ಗ್ಲುಟಾಥಯೋನ್‌ನಂಥ ಥಯಾಲ್‌ಗಳು (ಥಯೋಕೋಲಿನ್ ಹಾಗೆಯೇ ಡಿಟಿಎನ್‌ಬಿ ಜೊತೆ ಸೇರುವ ಗಂಧಕದ ಸಂಯುಕ್ತಗಳು) ಇದ್ದೇ ಇರುತ್ತವೆ, ಅವು ತಮ್ಮ ಪಾಲಿನ ಹಳದಿಯನ್ನು ಕೊಟ್ಟು ಮುಗಿಸಲಿ. ಡಿಟಿಎನ್‌ಬಿಯನ್ನು ಪಿಎಚ್ 7.0 ಬಫರ್‌ನಲ್ಲಿ, 10 ಮಿಲಿಲೀಟರ್‌ಗೆ 39.6 ಮಿಲಿಗ್ರಾಂ ಡಿಟಿಎನ್‌ಬಿ, 15 ಮಿಲಿಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ ಕರಗಿಸಿ. ಪಿಎಚ್ 8ರಲ್ಲಿ ಅದು ಬೇಗ ಕೆಡುತ್ತದೆ.

ಕಿಣ್ವಕ್ಕೆ ತಲೆಯೇ ಸರಿ. ಫ್ರೀಜ್ ಆದ ನೊಣಗಳನ್ನು ಮುಚ್ಚಿದ ಟ್ಯೂಬಿನಲ್ಲಿ ಜೋರಾಗಿ ಕುಲುಕಿದರೆ ತಲೆಗಳು ಕಳಚಿ ಬೀಳುತ್ತವೆ, ಜರಡಿ ಹಿಡಿದರೆ ಆಯಿತು. ಮಿಲಿಲೀಟರ್‌ಗೆ 10 ತಲೆ, 0.5% ಟ್ರೈಟಾನ್ ಎಕ್ಸ್-100 ಇರುವ ತಣ್ಣನೆಯ ಬಫರ್‌ನಲ್ಲಿ ಅರೆಯಿರಿ. ಕೀಟದ ಈ ಕಿಣ್ವ ಪೊರೆಗೆ ಅಂಟಿಕೊಂಡಿರುತ್ತದೆ, ಡಿಟರ್ಜೆಂಟ್ ಇಲ್ಲದಿದ್ದರೆ ಅರ್ಧ ಗಸಿಯಲ್ಲೇ ಉಳಿಯುತ್ತದೆ. 4 ಡಿಗ್ರಿಯಲ್ಲಿ 10,000 ಜಿ, 15 ನಿಮಿಷ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ. ಅದು ಕಂದುಗೆಂಪಾಗಿದ್ದರೆ ಗಾಬರಿ ಬೇಡ, ನೊಣದ ಕಣ್ಣಿನ ವರ್ಣದ್ರವ್ಯ ಅದು. ಆದರೆ ಅದೂ 412ರಲ್ಲಿ ಪಾಲು ಕೇಳುತ್ತದೆ. ಸಾರವೂ ಎಸರೀನೂ ಇಲ್ಲದ ಕಂಟ್ರೋಲ್ ವೆಲ್‌ನ ಏರಿಕೆ ನಿಮಿಷಕ್ಕೆ 0.03ರಿಂದ 0.08 ಬರುವವರೆಗೆ ತಿಳಿಯನ್ನು ತೆಳು ಮಾಡಿ, ಸಾಮಾನ್ಯವಾಗಿ ಐದಾರು ಪಟ್ಟು ಬೇಕಾಗುತ್ತದೆ. ಕಿಣ್ವ ಎರಡು ಪಟ್ಟು ಹಾಕಿದಾಗ ವೇಗವೂ ಎರಡು ಪಟ್ಟಾಗದಿದ್ದರೆ ಮುಂದೆ ಹೋಗಬೇಡಿ.

ಬ್ಲ್ಯಾಂಕ್ ಮೂರು ಇರಲಿ: ಕಿಣ್ವ ಇಲ್ಲದ್ದು, ಸಬ್‌ಸ್ಟ್ರೇಟ್ (ಕಿಣ್ವ ಒಡೆಯುವ ಅಸಿಟೈಲ್‌ಥಯೋಕೋಲಿನ್) ಇಲ್ಲದ್ದು, ಸಾರ ಇದ್ದೂ ಕಿಣ್ವ ಇಲ್ಲದ್ದು. ಪಿಎಚ್ 8ರಲ್ಲಿ ಅಸಿಟೈಲ್‌ಥಯೋಕೋಲಿನ್ ತಾನೇ ಸ್ವಲ್ಪ ಒಡೆಯುವುದರಿಂದ ಮೊದಲನೆಯದನ್ನು ಬಿಡುವ ಹಾಗಿಲ್ಲ.

ಬಣ್ಣದ ತೊಂದರೆ ಕಳೆದ ಮೇಲೂ ತಡೆ ಉಳಿದರೆ ಟ್ಯಾನಿನ್ (ಎಲೆಗಳ ಒಗರು ಪದಾರ್ಥ) ನೋಡಬೇಕು. ಎಲೆಯ ಮೆಥನಾಲ್ ಸಾರದಲ್ಲಿ ಅದು ಧಾರಾಳ, ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಕೆಳಗಿಳಿಸುತ್ತದೆ. ಮಿಲಿಲೀಟರ್ ಸಾರಕ್ಕೆ ಟ್ಯಾನಿನ್ ಹಿಡಿದುಕೊಳ್ಳುವ ಪಾಲಿವಿನೈಲ್‌ಪಾಲಿಪಿರೊಲಿಡೋನ್ 50 ಮಿಲಿಗ್ರಾಂ ಹಾಕಿ 10 ನಿಮಿಷ ಅಲ್ಲಾಡಿಸಿ, ತಿರುಗಿಸಿ, ಮತ್ತೆ ಪರೀಕ್ಷಿಸಿ. ಅಥವಾ ಟ್ಯಾನಿನ್ ಕಿಣ್ವದ ಬದಲು ಅಂಟಿಕೊಳ್ಳಲೆಂದು ಬಫರ್‌ಗೆ 0.1% ಬೋವೈನ್ ಸೀರಂ ಅಲ್ಬುಮಿನ್ ಎಂಬ ಪ್ರೋಟೀನ್ ಸೇರಿಸಿ. 90% ಇದ್ದದ್ದು 20ಕ್ಕೆ ಇಳಿದರೆ ಉತ್ತರ ಸಿಕ್ಕಿತು.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಕಿಣ್ವ, ಸಬ್‌ಸ್ಟ್ರೇಟ್ ಎರಡನ್ನೂ ಬಿಟ್ಟು, 1 ಮಿಲಿಮೋಲಾರ್ ಗ್ಲುಟಾಥಯೋನ್ 10 ಮೈಕ್ರೋಲೀಟರ್ ಹಾಕಿ, ಸಾರದ ಜೊತೆ ಹತ್ತು ನಿಮಿಷ ಇಟ್ಟು ಡಿಟಿಎನ್‌ಬಿ ಸೇರಿಸಿ. ಸಾರವಿಲ್ಲದ ವೆಲ್‌ನಲ್ಲಿ ಓದು 0.4ರ ಆಸುಪಾಸು ಬರುತ್ತದೆ. ಸಾರದ ಸ್ವಂತ ಬಣ್ಣ ಕಳೆದ ಮೇಲೆ ಅಲ್ಲಿ 0.1 ಮಾತ್ರ ಉಳಿದರೆ, ನಿಮ್ಮ ಸಾರದ ಕ್ವಿನೋನ್‌ಗಳೋ ಆಲ್ಡಿಹೈಡ್‌ಗಳೋ ಥಯಾಲನ್ನೇ ನುಂಗುತ್ತಿವೆ. ಕಿಣ್ವಕ್ಕೆ ಏನೂ ಆಗಿಲ್ಲ.

ದ್ರಾವಕದ ವಿಷಯ: ನೇರ ಮೆಥನಾಲ್ ಸಾರ 20 ಮೈಕ್ರೋಲೀಟರ್ ಹಾಕಿದ್ದರೆ ವೆಲ್‌ನಲ್ಲಿ 10% ಮೆಥನಾಲ್ ಇದೆ, ಅದು ಜಾಸ್ತಿ. ಅಂತಿಮ ಪ್ರಮಾಣ 1% ದಾಟದಿರಲಿ, ಕಂಟ್ರೋಲ್‌ನಲ್ಲೂ ಅಷ್ಟೇ ಇರಲಿ.

ಈಗ ಫೈಸೋಸ್ಟಿಗ್ಮಿನ್. ಎಸರೀನ್ ಅಂದರೂ ಅದೇ. ಪಶ್ಚಿಮ ಆಫ್ರಿಕಾದ ಕಲಬಾರ್ ಬೀಜದ್ದು. ಎಡಿನ್‌ಬರೋದ ಕಣ್ಣಿನ ವೈದ್ಯ ಆರ್ಗೈಲ್ ರಾಬರ್ಟ್‌ಸನ್ 1863ರಲ್ಲಿ ಆ ಬೀಜದ ಸಾರವನ್ನು ತನ್ನ ಕಣ್ಣಿಗೇ ಹಾಕಿಕೊಂಡು ಪಾಪೆ ಕಿರಿದಾಗುವುದನ್ನು ತೋರಿಸಿದ. 1870ರ ದಶಕದಲ್ಲಿ ಇನ್ನೊಬ್ಬ ಕಣ್ಣಿನ ವೈದ್ಯ ಲಾಕರ್ ಅದನ್ನು ಗ್ಲಾಕೋಮಾಗೆ ಬಳಸಿದ. ಕಣ್ಣಿನಲ್ಲಿ ಪಾಪೆಯನ್ನು ಕಿರಿದಾಗಿಸುವ ಸ್ನಾಯುವೂ ಕೀಟದ ನರಮಂಡಲವೂ ಅಸಿಟೈಲ್‌ಕೋಲಿನ್ ಬಳಸುತ್ತವೆ, ಅದನ್ನು ಒಡೆಯುವ ಕಿಣ್ವಕ್ಕೆ ಎಸರೀನ್ ಎರಡೂ ಕಡೆ ಕಾರ್ಬಮೈಲ್ ಗುಂಪು ಅಂಟಿಸುತ್ತದೆ. ಹಾಗಾಗಿ ಕಂಟ್ರೋಲ್‌ಗೆ ಇದೇ ತಕ್ಕದ್ದು. ಅಂಟಲು ಹೊತ್ತು ಬೇಕು, ಮೇಲೆ ಹೇಳಿದ 10 ನಿಮಿಷ ಅದಕ್ಕೂ ಸೇರಿ. 10 ಮೈಕ್ರೋಮೋಲಾರ್ ಎಸರೀನ್ ಹಾಕಿದ ಮೇಲೂ ಉಳಿಯುವ ಏರಿಕೆ ಬೇರೆ ಎಸ್ಟರೇಸ್‌ಗಳದ್ದು, ಅದನ್ನು ಎಲ್ಲ ವೆಲ್‌ಗಳಿಂದ ಕಳೆಯಿರಿ. ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ಅದು ಆಕ್ಸಿಡೀಕರಣಗೊಂಡು ರುಬ್ರೆಸರೀನ್ ಆಗಿದೆ. ಕೈಗವಸು ಹಾಕಿ, ಕಣ್ಣು ಉಜ್ಜಬೇಡಿ. ಇದು ವಿಷ.

ಕೀಟನಾಶಕ ಆಗುತ್ತದೆಯೇ ಅನ್ನುವುದಕ್ಕೂ ಎಸರೀನೇ ಒಳ್ಳೆಯ ಉದಾಹರಣೆ. ಪ್ಲೇಟಿನಲ್ಲಿ ಇಷ್ಟು ಬಲವಾದದ್ದು ಕೀಟದ ಮೈಮೇಲೆ ಹಚ್ಚಿದರೆ ಹೆಚ್ಚೇನೂ ಮಾಡುವುದಿಲ್ಲ. ದೇಹದ ಪಿಎಚ್‌ನಲ್ಲಿ ಅದರ ಬಹುಪಾಲು ಧನಾವೇಶ ಹೊತ್ತಿರುತ್ತದೆ, ಕೀಟದ ನರಗಳ ಸುತ್ತಲಿನ ಕವಚ ಅಂಥದ್ದನ್ನು ಒಳಗೆ ಬಿಡುವುದಿಲ್ಲ. 1950ರ ದಶಕದಲ್ಲಿ ಅದೇ ಕಾರ್ಬಮೇಟ್ ಗುಂಪನ್ನು ಆವೇಶವಿಲ್ಲದ ಅಣುವಿನ ಮೇಲೆ ಕೂರಿಸಿದಾಗಲೇ ಕಾರ್ಬರಿಲ್‌ನಂಥ ಕೀಟನಾಶಕಗಳು ಬಂದದ್ದು. ನಿಮ್ಮ ಸಾರ ಮೇಲಿನ ಎಲ್ಲ ಪರೀಕ್ಷೆ ದಾಟಿದರೂ, ಅಸಿಟೋನ್‌ನಲ್ಲಿ ಕರಗಿಸಿ 1 ಮೈಕ್ರೋಲೀಟರ್ ಅನ್ನು ಜೀವಂತ ನೊಣದ ಎದೆಯ ಮೇಲೆ ಹಾಕಿ, ಬರೀ ಅಸಿಟೋನ್ ಹಾಕಿದವುಗಳ ಜೊತೆ 24 ಗಂಟೆ ಹೋಲಿಸಿ ನೋಡುವವರೆಗೆ 'ಕೀಟನಾಶಕ' ಅನ್ನುವ ಪದವನ್ನು ವರದಿಯಲ್ಲಿ ಬಳಸಬೇಡಿ.