ಜಿಂಕೆಗಳಿಗೆ ಟೈಮರ್ ಪ್ರಕಾರ ಕಾಳು ಚೆಲ್ಲುವ ಫೀಡರ್‌ಗೆ ಬರುವ ರಕೂನ್‌ಗಳು (ಅಮೆರಿಕದ ಸಣ್ಣ ಕಾಡುಪ್ರಾಣಿ) ಬೋನಿಗೆ ಬೀಳದಿದ್ದರೆ ಏನು ಮಾಡಬೇಕು?

ಬಾಗಿಲಿನ ಬೋನು ಬಿಟ್ಟು, ರಕೂನ್ ಕೈಹಾಕಿ ತಡಕುವಂಥ ಕೊಳವೆ ಬಲೆ ಇಡಿ. ಅಮೆರಿಕದ ಬೇಟೆ ಜಮೀನುಗಳಲ್ಲಿ ಇದಕ್ಕೆ ‘ಡಾಗ್ ಪ್ರೂಫ್ ಟ್ರ್ಯಾಪ್’, ಅಂದರೆ ನಾಯಿ ಸಿಕ್ಕಿಬೀಳದ ಬಲೆ, ಎನ್ನುತ್ತಾರೆ.

ಕಾರಣ ಇರುವುದು ರಕೂನ್‌ನ ಮುಂಗಾಲಿನಲ್ಲಿ. ರಕೂನ್ ಆಹಾರ ಹುಡುಕುವುದು ಬಹುಮಟ್ಟಿಗೆ ಮುಟ್ಟಿ ನೋಡಿ. ಒಮ್ಮೆ ಬೋನಿನಿಂದ ತಪ್ಪಿಸಿಕೊಂಡದ್ದು ಮತ್ತೆ ಇಡೀ ಮೈಯನ್ನು ಒಳಗೆ ತೂರಿಸಲು ಹಿಂಜರಿಯುತ್ತದೆ. ಹೊರಗೆ ನಿಂತೇ ಜಾಲರಿಯ ಸಂದಿಯಲ್ಲಿ ಬೆರಳು ಹಾಕಿ ತಿಂಡಿ ಎಳೆದುಕೊಳ್ಳುತ್ತದೆ. ಕೊಳವೆಯಲ್ಲಾದರೆ ಮೈ ಹೊರಗೇ ಇರುತ್ತದೆ, ಕೈ ಮಾತ್ರ ಒಳಗೆ. ತಳದಲ್ಲಿರುವ ತಿಂಡಿಗಾಗಿ ಅಲ್ಲಿನ ಕೀಲನ್ನು ಎಳೆದ ಕೂಡಲೇ ಕೈ ಸಿಕ್ಕಿಬೀಳುತ್ತದೆ. ನಾಯಿಯ ಪಂಜ ಹಾಗೆ ಹಿಡಿದೆಳೆಯಲಾರದು.

ಬಲೆಗೆ ಮೆಕ್ಕೆಜೋಳ ಹಾಕಬೇಡಿ. ಅದು ಫೀಡರ್ ಕೆಳಗೆ ಪುಕ್ಕಟೆ ಬಿದ್ದಿರುವಾಗ ರಕೂನ್ ಬಲೆಯ ಹತ್ತಿರ ಯಾಕೆ ಬಂದೀತು? ಮಾರ್ಷ್‌ಮ್ಯಾಲೋದಂಥ ಸಿಹಿ ಇಡಿ; ಮೀನು ಬೇಡ, ಅದರ ವಾಸನೆಗೆ ಬೆಕ್ಕುಗಳೂ ಬರುತ್ತವೆ. ಬಲೆಯನ್ನು ಗೂಟಕ್ಕೆ ಸರಪಳಿಯಿಂದ ಗಟ್ಟಿಯಾಗಿ ಕಟ್ಟಿ. ಬೆಳಗಾಗುತ್ತಲೇ ಹೋಗಿ ನೋಡುವುದನ್ನು ತಪ್ಪಿಸಲೇಬಾರದು, ಸಿಕ್ಕ ಪ್ರಾಣಿ ಗಂಟೆಗಟ್ಟಲೆ ನರಳಬಾರದು.

ಹಿಡಿಯುವ ಮೊದಲು ರಾಜ್ಯದ ನಿಯಮ ತಿಳಿದುಕೊಳ್ಳಿ: ಹಲವೆಡೆ ಪರವಾನಗಿ, ಋತುವಿನ ಕಟ್ಟುಪಾಡು ಇದೆ. ಹಿಡಿದದ್ದನ್ನು ದೂರ ಒಯ್ದು ಬಿಡುವುದು ಸರಿಯಲ್ಲ, ರಕೂನ್ ರೇಬೀಸ್ ಹರಡಬಲ್ಲದು.

ಜೊತೆಗೆ ಫೀಡರ್ ಅನ್ನೂ ಸರಿಪಡಿಸಿ. ಕಾಳು ಚೆಲ್ಲುವ ತಟ್ಟೆಯ ಸುತ್ತ ತಂತಿಯ ಗೂಡು ಕಟ್ಟಿ, ಕಾಲುಗಳಿಗೆ ನುಣುಪಾದ ತಗಡು ಸುತ್ತಿ. ರಕೂನ್ ಹೆಚ್ಚಾಗಿ ಬರುವುದು ರಾತ್ರಿ. ಹಾಗಾಗಿ ಟೈಮರ್ ಅನ್ನು ಬೆಳಗ್ಗೆಗೆ ಹೊಂದಿಸಿ, ಕತ್ತಲಾಗುವಷ್ಟರಲ್ಲಿ ಜಿಂಕೆಗಳು ತಿಂದು ಮುಗಿಸುವಷ್ಟೇ ಕಾಳು ಬೀಳಲಿ.