ನಮ್ಮ ಸಾರಿನ ವಿಧಾನವನ್ನು ಅಮೆರಿಕದ ಓದುಗರಿಗೆ ಬರೆಯುವಾಗ ಏನೇನು ಬದಲಿಸಬೇಕು?

ಭಾಷೆಗಿಂತ ಮೊದಲು ಅಳತೆ ಸರಿಪಡಿಸಿ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ, ಏಕೆಂದರೆ ಸಾರಿನ ರುಚಿ ನಾಲಿಗೆಗೆ ಮೊದಲೇ ಗೊತ್ತು. ಅದನ್ನು ಉಂಡೇ ಇಲ್ಲದವರಿಗೆ ಆ ಮಾತು ಏನನ್ನೂ ಹೇಳುವುದಿಲ್ಲ. ಗ್ರಾಂನಲ್ಲಿ ಬರೆಯಿರಿ. ಚಮಚದ ಲೆಕ್ಕ ಅಲ್ಲಿ ಕೈಕೊಡುತ್ತದೆ: ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ, ಅಲ್ಲಿ ಹೆಚ್ಚು ಬಳಸುವ ಹರಳು ಹರಳಾದ ಕೋಷರ್ ಉಪ್ಪಿನ ಕೆಲವು ಬ್ರಾಂಡ್‌ಗಳಲ್ಲಿ ಅದರ ಅರ್ಧದಷ್ಟೇ.

‘ಮೂರು ಕೂಗು’ ಕೂಡ ಬೇಡ. ಅಲ್ಲಿನ ಎಷ್ಟೋ ಕುಕ್ಕರ್‌ಗಳು ಕೂಗುವುದೇ ಇಲ್ಲ. ‘ತೊಗರಿಬೇಳೆ, ಒತ್ತಡ ಏರಿದ ಮೇಲೆ 8–10 ನಿಮಿಷ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು’ ಎಂದು ಬರೆಯಿರಿ. ಸಮಯದ ಜೊತೆಗೆ ಗುರುತನ್ನೂ ಕೊಡುವುದು ಮುಖ್ಯ, ಒಲೆ ಬದಲಾದರೂ ಗುರುತು ಬದಲಾಗದು.

ಹೆಚ್ಚು ಎಡವುವುದು ಹೆಸರುಗಳಲ್ಲಿ. ಅಲ್ಲಿ ‘ಚಿಲಿ ಪೌಡರ್’ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಜೀರಿಗೆ, ಬೆಳ್ಳುಳ್ಳಿ, ಒರೆಗಾನೋ ಬೆರೆತಿರುತ್ತವೆ. ಅದನ್ನು ಹಾಕಿದರೆ ಸಾರು ಕೆಟ್ಟಂತೆಯೇ. ಬ್ಯಾಡಗಿ ಸಿಗದಿದ್ದರೆ ಬಣ್ಣಕ್ಕೆ ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ), ಖಾರಕ್ಕೆ ಚೂರು ಕೆಯೆನ್ (ಖಾರದ ಮೆಣಸಿನ ಪುಡಿ) ಎಂದು ಸೂಚಿಸಿ. ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಇರಬಹುದೆಂಬ ಎಚ್ಚರಿಕೆಯನ್ನು ಬಿಡಬೇಡಿ, ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಒಗ್ಗದವರಿಗೆ ಅದು ನಿಜಕ್ಕೂ ಅಪಾಯ.